ಕೊಲೆಸ್ಟ್ರಾಲ್ ಮಾತ್ರೆ ಬಿಡುವ ಮೊದಲು ಬೆಲ್ಟಿನ ತೂತು ಎಣಿಸಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಮನೆ ಕಾಪುವಿನಲ್ಲಿ, ಕೆಲಸ ಮಂಗಳೂರಿನಲ್ಲಿ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಲೆಕ್ಕಪತ್ರ ನೋಡುವ ಕೆಲಸ. ಮದುವೆಯಾಗಿ 4 ವರ್ಷ. ಮೊದಲ ಒಂದೂವರೆ ವರ್ಷ ಮಗು ಈಗಲೇ ಬೇಡ ಅಂತ ಇದ್ದೆವು. ಆಮೇಲೆ ಎರಡೂವರೆ ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ, ಆಗಿಲ್ಲ. ಹೆಂಡತಿಗೆ 31, ಅವಳ ಪರೀಕ್ಷೆಗಳೆಲ್ಲ ಸರಿ ಇವೆ. ನನ್ನ ಎತ್ತರ 170 ಸೆಂ.ಮೀ., ತೂಕ 96 ಕೆ.ಜಿ. ಮದುವೆ ಹೊತ್ತಿಗೆ 78 ಇತ್ತು. 14 ತಿಂಗಳ ಹಿಂದೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 178 ಬಂತು ಅಂತ ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ. ಶುರು ಮಾಡಿದರು, ಈಗ 104 ಇದೆ. ಅಪ್ಪನಿಗೆ 49ನೇ ವಯಸ್ಸಿಗೇ ಬೈಪಾಸ್ ಆಗಿತ್ತು. ಕಳೆದ ತಿಂಗಳು ವೀರ್ಯ ಪರೀಕ್ಷೆ ಮಾಡಿಸಿದೆ. ಮಿಲಿಲೀಟರಿಗೆ 13 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 18, ಸರಿಯಾದ ಆಕಾರದವು ಶೇ. 3. ಸ್ಯಾಂಪಲ್ ಮನೆಯಲ್ಲೇ ತೆಗೆದು ಕಾರಲ್ಲಿ ಒಯ್ದಿದ್ದೆ, ಹೆಜಮಾಡಿ ಟೋಲ್ ಹತ್ತಿರ ಸ್ವಲ್ಪ ಜಾಮ್ ಇತ್ತು. ಅದೇ ದಿನ ಸಂಜೆ 5ಕ್ಕೆ ಆಫೀಸಿನಿಂದ ಹೋಗಿ ರಕ್ತ ಕೊಟ್ಟೆ, ಗಂಡು ಹಾರ್ಮೋನ್ ಟೆಸ್ಟೊಸ್ಟಿರಾನ್ 268 ಬಂತು. ಕೊಲೆಸ್ಟ್ರಾಲ್ ಮದ್ದು ಗಂಡಸ್ತನ ತೆಗೆಯುತ್ತದೆ, ಮೊದಲು ಅದನ್ನು ಬಿಡು ಅಂತ ನನ್ನ ಭಾವ ಹೇಳುತ್ತಾರೆ. ಜಿಮ್ಮಿನ ಟ್ರೈನರ್ ಟೆಸ್ಟೊಸ್ಟಿರಾನ್ ಇಂಜೆಕ್ಷನ್ ತಗೊಂಡರೆ ಎಲ್ಲ ಸರಿ ಆಗ್ತದೆ ಅಂತಾನೆ. ಇನ್ನೂ ತೆಗೆದುಕೊಂಡಿಲ್ಲ. ತೂಕವೇ ಕಾರಣ ಅನ್ನೋಣವೆಂದರೆ ನನ್ನ ದೊಡ್ಡಪ್ಪ 110 ಕೆ.ಜಿ. ಇದ್ದರು, ಅವರಿಗೆ 5 ಮಕ್ಕಳು. ಮಾತ್ರೆ ಬಿಡಲೇ? ಅಥವಾ ನೇರ ಟೆಸ್ಟ್ ಟ್ಯೂಬ್ ಬೇಬಿಯ ಐವಿಎಫ್‌ಗೆ ಹೋಗಲೇ?

ಉತ್ತರ: ನೀವು ಲೆಕ್ಕದವರು ಅಲ್ವಾ, ಹಾಗಾದರೆ ಮೊದಲು ಒಂದು ಲೆಕ್ಕ ಮಾಡೋಣ. ಮಗುವಿಗಾಗಿ ಪ್ರಯತ್ನ ಶುರುವಾಗಿ 30 ತಿಂಗಳು. ಮಾತ್ರೆ ಶುರುವಾಗಿ 14 ತಿಂಗಳು. ಅಂದರೆ ಆ ಮಾತ್ರೆಯ ಮುಖವನ್ನೇ ನೋಡದಿದ್ದ 16 ತಿಂಗಳಲ್ಲೂ ಆಗಿರಲಿಲ್ಲ. ಇದನ್ನು ನಿಮ್ಮ ಭಾವನಿಗೆ ತೋರಿಸಿ. ಮಾತ್ರೆ ಪೂರ್ತಿ ನಿರಪರಾಧಿ ಅಂತ ಇಷ್ಟರಿಂದಲೇ ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ ಮೊದಲ ಆರೋಪಿ ಅದಲ್ಲ ಅನ್ನುವುದಕ್ಕೆ ಇದು ಸಾಕು.

ನಿಮ್ಮ ಭಾವ ಹೇಳಿದ್ದು ತೀರಾ ತಲೆಬುಡ ಇಲ್ಲದ ಮಾತೇನೂ ಅಲ್ಲ. ಟೆಸ್ಟೊಸ್ಟಿರಾನ್ ತಯಾರಾಗುವುದು ಕೊಲೆಸ್ಟ್ರಾಲ್‌ನಿಂದಲೇ. ವೃಷಣದಲ್ಲಿ ಲೇಡಿಗ್ ಅಂತ ಕೆಲವು ಜೀವಕೋಶಗಳಿವೆ. ಅವು ಕೊಲೆಸ್ಟ್ರಾಲ್ ಹಿಡಿದು ಹಂತ ಹಂತವಾಗಿ ಬದಲಾಯಿಸಿ ಹಾರ್ಮೋನ್ ಮಾಡುತ್ತವೆ. ನಿಮ್ಮ ಮಾತ್ರೆಯ ಕೆಲಸ ದೇಹದಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ದಾರಿಯ ಒಂದು ಕಿಣ್ವವನ್ನು ತಡೆಯುವುದು. ಹಾಗಾಗಿ ಕಚ್ಚಾ ಮಾಲೇ ಕಡಿಮೆಯಾದರೆ ಹಾರ್ಮೋನ್ ಎಲ್ಲಿಂದ ಬರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ವೈದ್ಯರಿಗೂ ಅನ್ನಿಸಿತ್ತು, ಅದಕ್ಕೇ ಪರೀಕ್ಷೆ ಮಾಡಿ ನೋಡಿದರು.

ನೋಡಿದಾಗ ಕಂಡದ್ದು ಇಷ್ಟು. ನಿಮ್ಮ ಅಟೊರ್ವಾಸ್ಟಾಟಿನ್ ಸೇರಿದ ಸ್ಟಾಟಿನ್ ಗುಂಪಿನ ಮಾತ್ರೆ ಹೆಚ್ಚಾಗಿ ಕೆಲಸ ಮಾಡುವುದು ಲಿವರ್‌ನಲ್ಲಿ. ವೃಷಣಕ್ಕೆ ಬೇಕಾದ ಕೊಲೆಸ್ಟ್ರಾಲ್ ಬಹಳ ಸ್ವಲ್ಪ. ಅದನ್ನು ಅದು ರಕ್ತದಿಂದ ಎಳೆದುಕೊಳ್ಳುತ್ತದೆ, ಸ್ವಂತ ತಯಾರಿಯೂ ಉಂಟು. ನಿಮ್ಮ ಎಲ್‌ಡಿಎಲ್ 104ಕ್ಕೆ ಇಳಿದಿದೆ ಅಂದರೆ ಕಚ್ಚಾ ಮಾಲು ಖಾಲಿಯಾಗಿದೆ ಅಂತ ಅಲ್ಲ, ಬೇಕಾದಷ್ಟು ಉಂಟು ಮಾರಾಯ್ರೇ. 2013ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಸ್ಟಾಟಿನ್ ತೆಗೆದುಕೊಂಡ ಗಂಡಸರಲ್ಲಿ ಟೆಸ್ಟೊಸ್ಟಿರಾನ್ ಇಳಿದದ್ದು ನಿಜ. ಎಷ್ಟು? ನಿಮ್ಮ ರಿಪೋರ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 19-20. ಅಂದರೆ 400 ಇದ್ದದ್ದು 380 ಆಗಬಹುದು. ಬೆಳಿಗ್ಗೆಗೂ ಸಂಜೆಗೂ ಇರುವ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ.

ವೀರ್ಯಾಣುವಿನ ವಿಷಯಕ್ಕೆ ಬಂದರೆ, ಸಿಮ್ವಾಸ್ಟಾಟಿನ್ ಮತ್ತು ಪ್ರಾವಾಸ್ಟಾಟಿನ್ ಕೊಟ್ಟು ತಿಂಗಳುಗಟ್ಟಲೆ ನೋಡಿದ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆದರೆ ಒಂದು ಮಾತು ಮುಚ್ಚಿಡಬಾರದು. ಫ್ರಾನ್ಸಿನಲ್ಲಿ 17 ಆರೋಗ್ಯವಂತ ಗಂಡಸರಿಗೆ ನೀವು ತೆಗೆದುಕೊಳ್ಳುವ ಅಟೊರ್ವಾಸ್ಟಾಟಿನ್ನನ್ನೇ, 10 ಮಿ.ಗ್ರಾಂ.ನಂತೆ 5 ತಿಂಗಳು ಕೊಟ್ಟು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಒಟ್ಟು ಸಂಖ್ಯೆ ಸುಮಾರು ಶೇ. 31 ಇಳಿದಿತ್ತು, ಜೀವಂತ ಇರುವವುಗಳ ಪ್ರಮಾಣವೂ ಸ್ವಲ್ಪ ಕಡಿಮೆಯಾಗಿತ್ತು. ಹಾಗಿದ್ದೂ ಸರಾಸರಿ ಅಂಕಿಗಳು ಸಹಜ ಮಿತಿಯ ಒಳಗೇ ಇದ್ದವು. ನಿಮ್ಮ ಭಾವನಂಥವರ ಮೊಬೈಲಿಗೆ ಬರುವುದು ಈ ಸುದ್ದಿಯ ಅರ್ಧ ಭಾಗ ಮಾತ್ರ. 17 ಜನ ಅಂತ ಬರುವುದಿಲ್ಲ, ಸಹಜ ಮಿತಿಯೊಳಗೆ ಅಂತಲೂ ಬರುವುದಿಲ್ಲ. ನನ್ನ ಅನುಭವದಲ್ಲಿ ಸಂಖ್ಯೆ ಮೊದಲೇ ಗಡಿಯಲ್ಲಿ ಇರುವವರಿಗೆ ಮಾತ್ರ ಈ ಮಾತನ್ನು ಸ್ವಲ್ಪ ಯೋಚಿಸಬೇಕಾಗುತ್ತದೆ. ನೀವು ಆ ಗಡಿಯಲ್ಲಿ ಇದ್ದೀರೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ. ಯಾಕೆ ಅಂದರೆ ನಿಮ್ಮ ರಿಪೋರ್ಟನ್ನು ನಾನು ನಂಬುತ್ತಿಲ್ಲ.

ಕಾಪುವಿನಿಂದ ಮಂಗಳೂರಿಗೆ ಬೆಳಗಿನ ಹೊತ್ತು ಒಂದು ಗಂಟೆ ಬೇಕೇ ಬೇಕು, ಜಾಮ್ ಬೇರೆ ಇತ್ತು ಅಂದಿರಿ. ಡಬ್ಬಿ ಎಲ್ಲಿತ್ತು? ಹೆಚ್ಚಿನವರು ಗೇರಿನ ಹತ್ತಿರ ನೀರಿನ ಬಾಟಲಿ ಇಡುವ ಗುಂಡಿಯಲ್ಲಿ ಇಡುತ್ತಾರೆ. ಎದುರಿನಿಂದ ಏಸಿ ಗಾಳಿ ನೇರ ಅದಕ್ಕೇ ಬಡಿಯುತ್ತಿರುತ್ತದೆ. ವೀರ್ಯಾಣುವಿಗೆ ತಂಪು ತಾಗಿದರೆ ಓಡುವುದನ್ನು ನಿಲ್ಲಿಸುತ್ತದೆ. ಹೊತ್ತು ಹೋದ ಹಾಗೆ ತಂಪಿಲ್ಲದಿದ್ದರೂ ಸುಸ್ತಾಗುತ್ತದೆ. ಸ್ಯಾಂಪಲ್ ಲ್ಯಾಬಿಗೆ ಅರ್ಧ ಗಂಟೆಯೊಳಗೆ ತಲುಪಿದರೆ ಒಳ್ಳೆಯದು, ಒಂದು ಗಂಟೆ ಮೀರಲೇಬಾರದು. ಅಂಗಿಯ ಒಳಗೆ ಮೈಗೆ ತಾಗಿಸಿ ಇಟ್ಟುಕೊಂಡು ಹೋಗಬೇಕು. ನಿಮ್ಮ ಶೇ. 18ರಲ್ಲಿ ಹೆದ್ದಾರಿಯ ಪಾಲೆಷ್ಟು, ನಿಮ್ಮ ಪಾಲೆಷ್ಟು ಅಂತ ಈಗ ಯಾರೂ ಹೇಳುವ ಹಾಗಿಲ್ಲ. ಲ್ಯಾಬಿನಲ್ಲೇ ಕೋಣೆ ಇರುತ್ತದೆ. ನಾಚಿಕೆಯಾಗುತ್ತದೆ, ಹೌದು, ಹೊರಗೆ ಯಾರೋ ಬಾಗಿಲು ಬಡಿಯುತ್ತಾರೇನೋ ಅಂತ ಹೆದರಿಕೆಯೂ ಇರುತ್ತದೆ. ಆದರೂ ಅಲ್ಲೇ ಕೊಡಿ. 2ರಿಂದ 7 ದಿನ ಬಿಡುವು ಇರಲಿ. ಮೊದಲ ಹನಿ ಚೆಲ್ಲಿ ಹೋದರೆ ಹೇಳಿ, ಜಾಸ್ತಿ ವೀರ್ಯಾಣು ಇರುವುದೇ ಅದರಲ್ಲಿ. ಒಂದು ರಿಪೋರ್ಟಿನ ಮೇಲೆ ಯಾವ ತೀರ್ಮಾನವೂ ಬೇಡ, ಕೆಲವು ವಾರ ಬಿಟ್ಟು ಇನ್ನೊಂದು ಮಾಡಿಸಿ.

ರಿಪೋರ್ಟಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ಅಂಕಿಗಳ ಅರ್ಥವನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪಟ್ಟಿ ಪ್ರಕಾರ ಕೆಳಗಿನ ಗಡಿ ಮಿಲಿಲೀಟರಿಗೆ 16 ಮಿಲಿಯನ್, ಮುಂದಕ್ಕೆ ಚಲಿಸುವವು ಶೇ. 30, ಆಕಾರ ಶೇ. 4. ಈ ಗಡಿಯನ್ನು ಹಾಕಿದ್ದು ಹೇಗೆ ಅಂದರೆ, ಒಂದು ವರ್ಷದೊಳಗೆ ಅಪ್ಪ ಆದ ಗಂಡಸರನ್ನೇ ಪರೀಕ್ಷೆ ಮಾಡಿ, ಅವರಲ್ಲಿ ಅತಿ ಕಡಿಮೆ ಇದ್ದ 100ಕ್ಕೆ 5 ಜನರನ್ನು ಗೆರೆಯ ಕೆಳಗೆ ಬಿಟ್ಟರು. ಅಂದರೆ ಗೆರೆಯ ಕೆಳಗೆ ಇದ್ದವರೂ ಅಪ್ಪಂದಿರೇ! 13 ಅಂದರೆ ಬಾಗಿಲು ಮುಚ್ಚಿತು ಅಂತ ಅಲ್ಲ, ದಾರಿ ಸ್ವಲ್ಪ ಉದ್ದ ಆಯಿತು ಅಂತ ಅಷ್ಟೆ. ಆಕಾರ ಶೇ. 3 ಅನ್ನುವುದಕ್ಕಂತೂ ನಿದ್ದೆ ಕೆಡಿಸಿಕೊಳ್ಳಬೇಡಿ.

ಟೆಸ್ಟೊಸ್ಟಿರಾನ್ 268 ಕೂಡ ಹಾಗೆಯೇ. ಅದು ಬೆಳಿಗ್ಗೆ ಏರಿ ಸಂಜೆಗೆ ಇಳಿಯುವ ಹಾರ್ಮೋನ್. ಸಂಜೆ 5ಕ್ಕೆ, ಅದೂ ನಾಲ್ಕು ಗಂಟೆಯ ಚಾ ತಿಂಡಿ ಆದ ಮೇಲೆ ಅಂತ ಕಾಣುತ್ತದೆ, ರಕ್ತ ಕೊಟ್ಟರೆ ಕಡಿಮೆಯೇ ಬರುತ್ತದೆ. ಬೆಳಿಗ್ಗೆ 8ರಿಂದ 10ರ ಒಳಗೆ ಖಾಲಿ ಹೊಟ್ಟೆಯಲ್ಲಿ ಕೊಡಬೇಕು, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಕೊಡಬೇಕು. ದಪ್ಪ ಇರುವವರಲ್ಲಿ ಇನ್ನೊಂದು ತೊಡಕು ಉಂಟು. ಟೆಸ್ಟೊಸ್ಟಿರಾನ್ ಅನ್ನು ರಕ್ತದಲ್ಲಿ ಹೊತ್ತುಕೊಂಡು ತಿರುಗುವ ಒಂದು ಪ್ರೋಟೀನ್, ಎಸ್‌ಎಚ್‌ಬಿಜಿ, ಬೊಜ್ಜಿರುವವರಲ್ಲಿ ಕಡಿಮೆ ಇರುತ್ತದೆ. ಆಗ ಒಟ್ಟು ಲೆಕ್ಕ ಕಡಿಮೆ ಕಂಡರೂ ದೇಹಕ್ಕೆ ಸಿಗುವ ಪಾಲು ಅಷ್ಟೇನೂ ಇಳಿದಿರುವುದಿಲ್ಲ.

ಈಗ ತೂಕಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ಕೂರುತ್ತೇನೆ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 33. ನಮ್ಮ ದೇಶದವರಿಗೆ 25 ದಾಟಿದರೆ ಬೊಜ್ಜು ಅಂತಲೇ ಲೆಕ್ಕ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಟೇಪ್ ಇಲ್ಲದಿದ್ದರೆ ಕಪಾಟಿನಿಂದ ಮದುವೆಯ ಬೆಲ್ಟ್ ತೆಗೆದು ಹಾಕಿ ನೋಡಿ, ಎಷ್ಟು ತೂತು ಹಿಂದೆ ಉಳಿದಿದ್ದೀರಿ ಅಂತ ಎಣಿಸಿ. ಹೊಟ್ಟೆಯ ಕೊಬ್ಬು ಸುಮ್ನೆ ಅಲ್ಲಿ ಜೋತು ಬಿದ್ದಿರುತ್ತದೆ ಅಂತ ನಾವು ತಿಳಿದಿರುತ್ತೇವೆ. ಅದರೊಳಗೆ ಅರೊಮಟೇಸ್ ಅಂತ ಒಂದು ಕಿಣ್ವ ಉಂಟು. ಗಂಡು ಹಾರ್ಮೋನಾದ ಟೆಸ್ಟೊಸ್ಟಿರಾನ್ ಹಿಡಿದು ಹೆಣ್ಣು ಹಾರ್ಮೋನಾದ ಈಸ್ಟ್ರೊಜನ್ ಮಾಡುವುದೇ ಅದರ ಕೆಲಸ. ಕೊಬ್ಬು ಜಾಸ್ತಿಯಾದಷ್ಟೂ ಈ ಬದಲಾವಣೆ ಜಾಸ್ತಿ. ಈಸ್ಟ್ರೊಜನ್ ಏರಿದ್ದನ್ನು ಮೆದುಳು ನೋಡುತ್ತದೆ, ಓ ಇಲ್ಲಿ ಹಾರ್ಮೋನ್ ಬೇಕಾದಷ್ಟು ಉಂಟು ಅಂದುಕೊಂಡು ವೃಷಣಕ್ಕೆ ಕಳಿಸುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಸಂದೇಶಗಳನ್ನು ಕಡಿಮೆ ಮಾಡುತ್ತದೆ. ಸಂದೇಶ ಕಡಿಮೆಯಾದರೆ ಟೆಸ್ಟೊಸ್ಟಿರಾನ್ ತಯಾರಿಯೂ ಕಡಿಮೆ, ವೀರ್ಯಾಣು ತಯಾರಿಯೂ ಕಡಿಮೆ. ಟೆಸ್ಟೊಸ್ಟಿರಾನ್ ಕಡಿಮೆಯಾದರೆ ಮೈಯ ಮಾಂಸ ಕರಗಿ ಹೊಟ್ಟೆ ಇನ್ನಷ್ಟು ಬೆಳೆಯುತ್ತದೆ. ಒಮ್ಮೆ ಈ ಸುತ್ತಿಗೆ ಬಿದ್ದರೆ ತಾನಾಗಿ ನಿಲ್ಲುವುದಿಲ್ಲ.

ಎರಡನೆಯದು ಬಿಸಿ. ವೃಷಣವನ್ನು ದೇವರು ಹೊರಗೆ ನೇತುಹಾಕಿದ್ದು ಚಂದಕ್ಕಲ್ಲ. ಅದಕ್ಕೆ ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ಕಡಿಮೆ ಬೇಕು. ತೊಡೆಯ ಕೊಬ್ಬು ಎರಡು ಕಡೆಯಿಂದ ಒತ್ತುತ್ತದೆ, ಮೇಲಿನಿಂದ ಹೊಟ್ಟೆ ಮುಚ್ಚುತ್ತದೆ. ನೀವು ದಿನಾ ಎರಡು ಗಂಟೆ ಕಾರಿನ ಸೀಟಲ್ಲಿ, ಎಂಟು ಗಂಟೆ ಕುರ್ಚಿಯಲ್ಲಿ, ಕೆಳಗೆ ಬಿಗಿಯಾದ ನೈಲಾನ್ ಚಡ್ಡಿ, ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆ ಬೇರೆ. ಇಲ್ಲಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ, ಆರದಿದ್ದರೆ ತಂಪಾಗುವುದು ಹೇಗೆ? ಬೇಕರಿಯ ಒಲೆ ಮುಂದೆ, ಬೋಟಿನ ಇಂಜಿನ್ ಹತ್ತಿರ ಕೆಲಸ ಮಾಡುವವರನ್ನು ನಾನು ಮೊದಲು ಕೇಳುವುದೇ ಈ ಪ್ರಶ್ನೆ. ಗಂಟೆಗೊಮ್ಮೆ ಎದ್ದು ಐದು ನಿಮಿಷ ನಡೆಯಿರಿ, ಸಡಿಲ ಹತ್ತಿಯ ಒಳಚಡ್ಡಿ ಹಾಕಿ, ರಾತ್ರಿ ಲುಂಗಿ ಸಾಕು. ಖರ್ಚಿಲ್ಲದ ಚಿಕಿತ್ಸೆ.

ಮೂರನೆಯದು, ಬೊಜ್ಜಿನಲ್ಲಿ ಮೈಯೊಳಗೆ ಸದಾ ಒಂದು ಸಣ್ಣ ಉರಿಯೂತ ಇರುತ್ತದೆ. ಅದರಿಂದ ವೀರ್ಯಾಣುವಿನ ಒಳಗಿನ ಡಿಎನ್ಎ ತುಂಡಾಗುವುದು ಜಾಸ್ತಿ. ರಿಪೋರ್ಟಿನಲ್ಲಿ ಸಂಖ್ಯೆ ಸರಿ ಇದ್ದರೂ ಗರ್ಭ ನಿಲ್ಲದೆ ಇರುವುದಕ್ಕೆ ಇದೂ ಒಂದು ಕಾರಣ. ಇನ್ನು ಗೊರಕೆ. ನಿಮ್ಮ ಹೆಂಡತಿಯನ್ನು ಕೇಳಿ, ರಾತ್ರಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತ ಹಾಗಾಗುತ್ತದೆಯೇ ಅಂತ. ಹೌದು ಅಂದರೆ ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಟೆಸ್ಟೊಸ್ಟಿರಾನ್ ಹೆಚ್ಚು ತಯಾರಾಗುವುದು ನಿದ್ದೆಯಲ್ಲಿ, ನಿದ್ದೆ ತುಂಡಾದರೆ ಅದೂ ತುಂಡು.

ಹಾಗಾದರೆ ದೊಡ್ಡಪ್ಪನ ಐದು ಮಕ್ಕಳು? ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ನನ್ನ ಮೇಜಿನ ಮುಂದೆ ಬರುತ್ತದೆ, ಕೆಲವೊಮ್ಮೆ ದೊಡ್ಡಪ್ಪ, ಕೆಲವೊಮ್ಮೆ ಮಾವ. 2013ರಲ್ಲಿ 13,077 ಗಂಡಸರ ಮಾಹಿತಿ ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಉಂಟು. ಸಹಜ ತೂಕದವರಿಗೆ ಹೋಲಿಸಿದರೆ ಬೊಜ್ಜಿದ್ದವರಲ್ಲಿ ವೀರ್ಯಾಣು ಕಡಿಮೆ ಇರುವ ಅಥವಾ ಇಲ್ಲದೇ ಹೋಗುವ ಸಂಭವ ಸುಮಾರು 1.3 ಪಟ್ಟು, ತೀರಾ ಬೊಜ್ಜಿದ್ದವರಲ್ಲಿ 2 ಪಟ್ಟು. ಅಂದರೆ ದಪ್ಪ ಇದ್ದವರಲ್ಲಿ ಬಹಳ ಮಂದಿಗೆ ಏನೂ ತೊಂದರೆ ಇರುವುದಿಲ್ಲ. ನಿಮ್ಮ ದೊಡ್ಡಪ್ಪ ಆ ಗುಂಪಿನವರು. ಮದುವೆಯಾದಾಗ ಅವರ ತೂಕ ಎಷ್ಟಿತ್ತು, ಐದನೇ ಮಗು ಆದಾಗ ಎಷ್ಟಿತ್ತು ಅಂತಲೂ ಒಮ್ಮೆ ಕೇಳಿ ನೋಡಿ. 110 ಕೆ.ಜಿ. ಆದದ್ದು ಆಮೇಲೆ ಇರಬಹುದು!

ಇನ್ನೊಂದು ಮಾತು, ಇದು ಭಾವನಿಗೆ ಇಷ್ಟ ಆಗಲಿಕ್ಕಿಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇರುವುದೇ ಮಗುವಾಗುವುದನ್ನು ತಡ ಮಾಡುತ್ತದೆ ಅನ್ನುವುದಕ್ಕೆ ಆಧಾರ ಉಂಟು. ಅಮೆರಿಕದ ಮಿಷಿಗನ್ ಮತ್ತು ಟೆಕ್ಸಸ್‌ನಲ್ಲಿ ಮಗುವಿಗಾಗಿ ಪ್ರಯತ್ನಿಸುತ್ತಿದ್ದ 501 ಜೋಡಿಗಳನ್ನು ಗಮನಿಸಿದಾಗ, ರಕ್ತದಲ್ಲಿ ಬಿಡಿ (ಫ್ರೀ) ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಗರ್ಭ ನಿಲ್ಲಲು ಹೆಚ್ಚು ಕಾಲ ಬೇಕಾಯಿತು. ಗಂಡ ಹೆಂಡತಿ ಇಬ್ಬರಲ್ಲೂ ಹೆಚ್ಚಿದ್ದರೆ ಇನ್ನೂ ತಡ. ವೀರ್ಯಾಣುವಿನ ಹೊರಪೊರೆಯಲ್ಲೇ ಕೊಲೆಸ್ಟ್ರಾಲ್ ಇರುತ್ತದೆ. ಅಂಡದ ಒಳಗೆ ನುಗ್ಗುವ ಮೊದಲು ಅದರಲ್ಲಿ ಸ್ವಲ್ಪ ಕಳಚಿಕೊಳ್ಳಬೇಕು. ಪೊರೆಯಲ್ಲಿ ಕೊಲೆಸ್ಟ್ರಾಲ್ ಅತಿಯಾದರೆ ಆ ಕೆಲಸ ಸಲೀಸಾಗಿ ಆಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಟಾಟಿನ್‌ನಿಂದ ನಿಮಿರುವಿಕೆ ಹಾಳಾಗುತ್ತದೆ ಅನ್ನುವುದೂ ತಪ್ಪು. ಪ್ರಯೋಗಗಳಲ್ಲಿ ಅದು ಸ್ವಲ್ಪ ಸುಧಾರಿಸಿದ್ದೇ ಕಂಡಿದೆ. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಕಟ್ಟಿಕೊಳ್ಳುವುದೂ ಮೊದಲು ಅದೇ. ನಿಮಿರುವಿಕೆ ಕಡಿಮೆಯಾಯಿತು ಅಂತ ಬಂದವರನ್ನು ನಾನು ಇಸಿಜಿಗೆ ಕಳಿಸಿದಾಗ ಕೆಲವರಿಗೆ ಸಿಟ್ಟು ಬಂದದ್ದುಂಟು.

ಈಗ ನಿಮ್ಮ ಮುಂದಿರುವ ದಾರಿಗಳು.

ಮಾತ್ರೆ ನೀವಾಗಿ ಬಿಡುವುದು: ಬೇಡ. ಅಪ್ಪನಿಗೆ 49ಕ್ಕೆ ಬೈಪಾಸ್, ನಿಮಗೆ 33ರ ಹೊತ್ತಿಗೇ ಎಲ್‌ಡಿಎಲ್ 178. ನಮ್ಮ ದೇಶದವರಿಗೆ ಬೇರೆ ಕಡೆಯವರಿಗಿಂತ ಸುಮಾರು 5-6 ವರ್ಷ ಮೊದಲೇ ಹೃದಯಾಘಾತ ಬರುತ್ತದೆ. ಕೆಲವು ವರ್ಷದ ಹಿಂದೆ ನಿಮ್ಮಂತೆಯೇ ಒಬ್ಬರು ಯಾರಿಗೂ ಹೇಳದೆ ಎಂಟು ತಿಂಗಳು ಮಾತ್ರೆ ಬಿಟ್ಟು ಬಂದಿದ್ದರು. ವೀರ್ಯಾಣು ಸಂಖ್ಯೆ ಇದ್ದಲ್ಲೇ ಇತ್ತು, ಎಲ್‌ಡಿಎಲ್ 190 ದಾಟಿತ್ತು, ಮಾತ್ರೆ ಬಿಟ್ಟ ಮೇಲೆ ಇನ್ನೇನು ಭಯ ಅಂತ ತೂಕವೂ ನಾಲ್ಕು ಕೆ.ಜಿ. ಏರಿತ್ತು. ಒಂದು ವೇಳೆ ತೂಕ ಇಳಿಸಿ, ಉಳಿದದ್ದೆಲ್ಲ ಸರಿ ಮಾಡಿದ ಮೇಲೂ ನಿಮ್ಮ ಸಂಖ್ಯೆ ಕೆಳಗೇ ಉಳಿದರೆ ಆಗ ನಿಮ್ಮ ಹೃದಯದ ವೈದ್ಯರೂ ನಾನೂ ಮಾತಾಡಿ, ಡೋಸ್ ಕಡಿಮೆ ಮಾಡುವುದೋ, ಬೇರೆ ಸ್ಟಾಟಿನ್‌ಗೆ ಬದಲಿಸುವುದೋ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಸೇರಿಸುವುದೋ ಅಂತ ನೋಡಬಹುದು. ಆ ನಿರ್ಧಾರಕ್ಕೆ ಈಗ ಅವಸರ ಇಲ್ಲ. ಅಪ್ಪ ಸ್ಟಾಟಿನ್ ತೆಗೆದುಕೊಂಡರೆ ಹುಟ್ಟುವ ಮಗುವಿಗೆ ಊನ ಬರುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಬಸುರಿಯಾಗುವವರು ಈ ಮಾತ್ರೆ ತೆಗೆದುಕೊಳ್ಳುವುದು ಬೇರೆ ವಿಷಯ. ಅಂಥವರು ಮೊದಲೇ ವೈದ್ಯರಿಗೆ ಹೇಳಬೇಕು.

ತೂಕ ಇಳಿಸುವುದು: ನನ್ನ ಓಟು ಇದಕ್ಕೆ. ಡೆನ್ಮಾರ್ಕಿನಲ್ಲಿ ಬೊಜ್ಜಿದ್ದ 56 ಗಂಡಸರಿಗೆ 8 ವಾರ ಬಹಳ ಕಡಿಮೆ ಕ್ಯಾಲರಿಯ ಆಹಾರ ಕೊಟ್ಟರು. ಸರಾಸರಿ 16.5 ಕೆ.ಜಿ. ಇಳಿದರು, ವೀರ್ಯಾಣು ಸಾಂದ್ರತೆ ಸುಮಾರು ಒಂದೂವರೆ ಪಟ್ಟು ಆಯಿತು. 2022ರಲ್ಲಿ ಪ್ರಕಟವಾದದ್ದು. ಇಳಿದ ತೂಕವನ್ನು ಒಂದು ವರ್ಷ ಹಾಗೆಯೇ ಉಳಿಸಿಕೊಂಡವರಲ್ಲಿ ಈ ಲಾಭವೂ ಉಳಿಯಿತು, ಮತ್ತೆ ದಪ್ಪ ಆದವರಲ್ಲಿ ಹೋಯಿತು. ನೀವು ಮನೆಯಲ್ಲಿ ಆ ಥರ ಉಪವಾಸ ಮಾಡಲು ಹೋಗಬೇಡಿ, ಅದು ವೈದ್ಯರ ಕಣ್ಣೆದುರು ಮಾಡುವಂಥದ್ದು. ನಿಮಗೆ ಆರು ತಿಂಗಳಲ್ಲಿ 9-10 ಕೆ.ಜಿ. ಇಳಿದರೆ ನಾನು ಖುಷಿ ಪಡುತ್ತೇನೆ.

ಊಟದ ಪಟ್ಟಿ ಕೊಡುವುದಿಲ್ಲ. ಕೊಟ್ಟದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿ ಹಳದಿಯಾಗುವುದನ್ನು ನೋಡಿದ್ದೇನೆ. ಕುಚ್ಚಲಕ್ಕಿ ಅನ್ನ ಬಿಡಬೇಕಾಗಿಲ್ಲ, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಡಿ. ಬಂಗುಡೆ, ಬೂತಾಯಿ ಚೆನ್ನಾಗಿ ತಿನ್ನಿ, ಆದರೆ ಸಾರಿನಲ್ಲಿ, ಕಾವಲಿಯಲ್ಲಿ ತೆಂಗಿನೆಣ್ಣೆ ಸುರಿದು ಕಾಯಿಸಿದ್ದಲ್ಲ. ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ, ಈ ಮಾತು ಹೇಳಿದರೆ ನಮ್ಮೂರಲ್ಲಿ ಬೈಸಿಕೊಳ್ಳಬೇಕಾಗುತ್ತದೆ, ಬೈಸಿಕೊಂಡೂ ಇದ್ದೇನೆ. ನಿಜವಾಗಿ ಕೆಡಿಸುವುದು ಸಂಜೆ ನಾಲ್ಕರ ಗೋಳಿಬಜೆ, ಬನ್ಸ್, ಬೇಕರಿಯ ಪಫ್ಸ್, ಎರಡು ಚಮಚ ಸಕ್ಕರೆಯ ಚಾ. ಮತ್ತೆ ಮದುವೆಯ ಸೀಸನ್ ಬಂದರೆ ವಾರಕ್ಕೆ ಮೂರು ಮೆಹೆಂದಿ, ಪ್ರತಿಯೊಂದರಲ್ಲೂ ಬಿಯರು, ಕೋರಿ ರೊಟ್ಟಿ, ಬೆಳಗಿನ ಎರಡು ಗಂಟೆಗೆ ನಿದ್ದೆ. ಮೆಹೆಂದಿಗೆ ಹೋಗಬೇಡಿ ಅಂತ ನಾನು ಹೇಳಿದರೂ ನೀವು ಹೋಗುತ್ತೀರಿ. ಹೋಗಿ, ಊಟ ಮಾಡಿ ಹತ್ತಕ್ಕೆ ಹೊರಡಿ. ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ, ನಿಮ್ಮ ಮನೆ ಹತ್ತಿರವೇ ಬೀಚ್ ಉಂಟಲ್ಲಾ.

ತೂಕ ಇಳಿಸುವ ಮದ್ದುಗಳು: ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅಂತ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮದ್ದುಗಳು 2025ರಿಂದ ನಮ್ಮಲ್ಲೂ ಬೊಜ್ಜಿಗೆ ಸಿಗುತ್ತಿವೆ. ತೂಕ ಚೆನ್ನಾಗಿಯೇ ಇಳಿಯುತ್ತದೆ. ಇದುವರೆಗಿನ ಸಣ್ಣ ಅಧ್ಯಯನಗಳಲ್ಲಿ ವೀರ್ಯಾಣುವಿಗೆ ಹಾನಿ ಕಂಡಿಲ್ಲ. ಆದರೆ ವಾಕರಿಕೆ, ಮಲಬದ್ಧತೆ, ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲು, ಕೊಬ್ಬಿನ ಜೊತೆ ಮಾಂಸವೂ ಕರಗುವುದು, ನಿಲ್ಲಿಸಿದರೆ ತೂಕ ವಾಪಸ್ ಬರುವುದು, ಇಷ್ಟೂ ಉಂಟು. ಮೂರು ತಿಂಗಳು ಸ್ವಂತ ಪ್ರಯತ್ನ ಮಾಡಿ ಸೋತರೆ ಆಮೇಲೆ ಯೋಚಿಸೋಣ. ಬೊಜ್ಜಿನ ಶಸ್ತ್ರಚಿಕಿತ್ಸೆ ನಿಮಗೆ ಈಗ ಬೇಡ. ಅದರ ನಂತರ ಟೆಸ್ಟೊಸ್ಟಿರಾನ್ ಏರುತ್ತದೆ ನಿಜ, ಆದರೆ ಒಮ್ಮೆಲೇ ತೂಕ ಇಳಿದು ಪೋಷಕಾಂಶ ಕಡಿಮೆಯಾಗಿ ಕೆಲವರಲ್ಲಿ ವೀರ್ಯಾಣು ಕುಸಿದದ್ದೂ ಉಂಟು. ಮಾಡಿಸಿಕೊಳ್ಳುವವರು ಮೊದಲೇ ಒಂದು ಸ್ಯಾಂಪಲ್ ಶೈತ್ಯದಲ್ಲಿಟ್ಟರೆ ಒಳ್ಳೆಯದು.

ಜಿಂಕ್, ಫೋಲಿಕ್ ಆಸಿಡ್ ಮಾತ್ರೆ: ಅಂಗಡಿಯವರು ಇದನ್ನು ಕೊಡದೆ ಕಳಿಸುವುದಿಲ್ಲ. 2,370 ಗಂಡಸರಿಗೆ ಕೊಟ್ಟು ನೋಡಿದ ಪ್ರಯೋಗ 2020ರಲ್ಲಿ ಬಂತು. ವೀರ್ಯವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಏರಲಿಲ್ಲ. ಆ ದುಡ್ಡಿಗೆ ಮೀನು ತನ್ನಿ.

ಐವಿಎಫ್: ನಿಮ್ಮ ಹೆಂಡತಿಗೆ 38 ಆಗಿದ್ದರೆ ನಾನು ತೂಕ ಇಳಿಯುವವರೆಗೆ ಕಾಯಿರಿ ಅನ್ನುತ್ತಿರಲಿಲ್ಲ, ಎರಡನ್ನೂ ಒಟ್ಟಿಗೆ ಶುರು ಮಾಡಿ ಅನ್ನುತ್ತಿದ್ದೆ. 31ಕ್ಕೆ ಆರು ತಿಂಗಳ ಅವಕಾಶ ಧಾರಾಳ ಉಂಟು. ಆಮೇಲೂ ಆಗದಿದ್ದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ, ಐವಿಎಫ್, ಒಂದೇ ವೀರ್ಯಾಣುವನ್ನು ಆರಿಸಿ ಅಂಡಕ್ಕೆ ಚುಚ್ಚುವ ಇಕ್ಸಿ ಇವೆ. ಗಂಡಸಿನ ಕಡೆಯ ತೊಂದರೆಗೆ ಹೆಂಡತಿ ಚುಚ್ಚಿಸಿಕೊಳ್ಳುವ ಚಿಕಿತ್ಸೆ ಇದು, ಅದನ್ನೂ ನೆನಪಿಡಿ. ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಬಂದು, ಡಾಕ್ಟ್ರೇ ಈ ತಿಂಗಳೇ ಏನಾದರೂ ಮಾಡಿ ಅನ್ನುವವರ ಕಷ್ಟ ಬೇರೆ. ನಿಮಗೆ ಆ ಕಟ್ಟು ಇಲ್ಲ.

ಯಾವ ದಾರಿ ಹಿಡಿದರೂ ಮೂರು ತಿಂಗಳು ಅನ್ನುವ ಲೆಕ್ಕ ಇಟ್ಟುಕೊಳ್ಳಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಅಲ್ಲಿಂದ ಹೊರಗೆ ಬರಲು ಇನ್ನೂ ಒಂದೆರಡು ವಾರ. ಕಳೆದ ತಿಂಗಳು ನೀವು ಡಬ್ಬಿಯಲ್ಲಿ ಒಯ್ದದ್ದು ಅದಕ್ಕೂ ಮೂರು ತಿಂಗಳ ಹಿಂದಿನ ಫಸಲು. ಆಗ ನಿಮಗೆ ಜ್ವರ ಬಂದಿತ್ತಾ? ಮಳೆಗಾಲದಲ್ಲಿ ನಮ್ಮ ಮಂಗಳೂರಿನ ಮಲೇರಿಯಾ, ಡೆಂಗ್ಯೂ ಗೊತ್ತಲ್ಲ, ನಾಲ್ಕು ದಿನ 103 ಡಿಗ್ರಿ ಜ್ವರ ಬಂದರೆ ಮುಂದಿನ ಎರಡು ಮೂರು ತಿಂಗಳು ಸಂಖ್ಯೆ ಬೀಳುತ್ತದೆ. ಆಮೇಲೆ ತಾನಾಗಿ ಏರುತ್ತದೆ. ಇದನ್ನು ಕೇಳದೆ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟದ್ದನ್ನು ನೋಡಿದ್ದೇನೆ.

ಬರುವಾಗ ಬೆಳಗಿನ ಟೆಸ್ಟೊಸ್ಟಿರಾನ್ ಜೊತೆ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ ಇಷ್ಟನ್ನು ಮಾಡಿಸಿಕೊಂಡು ಬನ್ನಿ. ಕೈಯಲ್ಲಿ ಮುಟ್ಟಿ ನೋಡುವ ಪರೀಕ್ಷೆಯನ್ನೂ ತಪ್ಪಿಸಬೇಡಿ. ಮಕ್ಕಳಾಗದ ಗಂಡಸರಲ್ಲಿ 100ಕ್ಕೆ 35-40 ಜನರಲ್ಲಿ ವೃಷಣದ ಮೇಲಿನ ರಕ್ತನಾಳ ಉಬ್ಬಿರುತ್ತದೆ, ವೆರಿಕೊಸೀಲ್ ಅನ್ನುತ್ತಾರೆ. ಅದು ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನೀವು ಬರೆದದ್ದರಲ್ಲಿ ಯಾರಾದರೂ ಮುಟ್ಟಿ ನೋಡಿದರು ಅಂತ ಎಲ್ಲೂ ಇಲ್ಲ.

ಕೊನೆಗೆ ಆ ಇಂಜೆಕ್ಷನ್. ಇದಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹೊರಗಿನಿಂದ ಟೆಸ್ಟೊಸ್ಟಿರಾನ್ ಕೊಟ್ಟರೆ ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸುತ್ತದೆ, ವೃಷಣ ರಜೆ ಹಾಕಿ ಮಲಗುತ್ತದೆ, ಹೆಚ್ಚಿನವರಲ್ಲಿ ವೀರ್ಯಾಣು ಸೊನ್ನೆಗೆ ಬರುತ್ತದೆ. 1990ರ ಸುಮಾರಿಗೆ ವಿಶ್ವ ಆರೋಗ್ಯ ಸಂಸ್ಥೆ ಇದೇ ಇಂಜೆಕ್ಷನನ್ನು ವಾರಕ್ಕೊಂದರಂತೆ ಕೊಟ್ಟು ಪ್ರಯೋಗ ಮಾಡಿತ್ತು. ಯಾವುದಕ್ಕೆ ಗೊತ್ತಾ? ಗಂಡಸರಿಗೆ ಗರ್ಭನಿರೋಧಕವಾಗಿ. ನಿಮ್ಮ ಟ್ರೈನರ್ ನಿಮಗೆ ಮಗು ಆಗಲು ಅಂತ ಕೊಡುತ್ತಿರುವುದು ಅದನ್ನೇ. ಹೋದ ವರ್ಷ ಸುರತ್ಕಲ್ ಕಡೆಯ ಒಬ್ಬ ಹುಡುಗ ಬಂದಿದ್ದ, ತೋಳು ನೋಡಿದರೆ ಪೈಲ್ವಾನ್, ರಿಪೋರ್ಟಿನಲ್ಲಿ ಒಂದೇ ಒಂದು ವೀರ್ಯಾಣು ಇರಲಿಲ್ಲ. ನಿಲ್ಲಿಸಿದ ಮೇಲೆ ವಾಪಸ್ ಬರಲು 14 ತಿಂಗಳು ಬೇಕಾಯಿತು. ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ನಿಮ್ಮ ಬೆಳಗಿನ ಟೆಸ್ಟೊಸ್ಟಿರಾನ್ ನಿಜವಾಗಿಯೂ ಕಡಿಮೆ ಬಂದು, ತೂಕ ಇಳಿದ ಮೇಲೂ ಏರದಿದ್ದರೆ, ಮೆದುಳಿನ ಸಂದೇಶವನ್ನೇ ಜಾಸ್ತಿ ಮಾಡುವ ಕ್ಲೊಮಿಫೀನ್‌ನಂಥ ಮಾತ್ರೆಗಳಿವೆ. ಅದು ವೀರ್ಯಾಣುವನ್ನು ಮಲಗಿಸುವುದಿಲ್ಲ. ಅದಕ್ಕೂ ಅಡ್ಡಪರಿಣಾಮ ಉಂಟು, ಮನಸ್ಸು ಕಿರಿಕಿರಿಯಾಗುವುದು, ಅಪರೂಪಕ್ಕೆ ಕಣ್ಣು ಮಂಜಾಗುವುದು. ವೈದ್ಯರ ಕೈಯಿಂದಲೇ ತೆಗೆದುಕೊಳ್ಳಬೇಕು.

ನಿಮ್ಮ ಪ್ರಶ್ನೆಯಲ್ಲಿ ಇಂಜೆಕ್ಷನ್ ಬಗ್ಗೆ 'ಇನ್ನೂ ತೆಗೆದುಕೊಂಡಿಲ್ಲ' ಅಂತ ಬರೆದಿದ್ದೀರಿ. ಆ 'ಇನ್ನೂ' ಅನ್ನುವ ಪದ ನನಗೆ ಸ್ವಲ್ಪ ಚುಚ್ಚಿತು. ಒಂದು ವೇಳೆ ಈ ಉತ್ತರ ಓದುವಷ್ಟರಲ್ಲಿ ಒಂದೆರಡು ಹಾಕಿಸಿಕೊಂಡಿದ್ದರೆ ಮುಚ್ಚಿಡಬೇಡಿ. ಬಾಟಲಿಯ ಲೇಬಲ್ಲಿನ ಫೋಟೋ ತೆಗೆದು, ಯಾವ ತಾರೀಕಿಗೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ತನ್ನಿ. ನಾನು ಬೈಯುವುದಿಲ್ಲ.